ಎರಡೂ ಮೂಲೆಗೆ ಒಂದೇ ಅಕ್ಷರ

ಹನ್ನೊಂದು ವರ್ಷ ನಾನು ಇಂಗ್ಲಿಷ್ ಕಲಿಸಿದೆ. ನನ್ನ ಕೈಯಲ್ಲಿ ಕಲಿತವರು ಹೆದರಿದರು, ಪಾಸಾದರು, ಮರೆತರು. ಇಂಗ್ಲಿಷನ್ನು ಇಷ್ಟಪಟ್ಟು ಮೈಗೆ ಹಚ್ಚಿಕೊಂಡವಳು ಅಂತ ನಾನು ಕಂಡಿದ್ದು ಒಬ್ಬಳನ್ನೇ, ಅವಳಿಗೆ ನಾನು ಕಲಿಸಲೇ ಇಲ್ಲ. ಕಲಿಸಲು ಹೋಗಿ ಸೋತೆ ಅಂದರೆ ಸರಿಯಾದೀತು. ಅವಳ ಹೆಸರು ಬಂಡೆಮ್ಮ. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯ ನಾಲ್ಕನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದಳು.

ನನ್ನ ಪುರಾಣ ಮೊದಲು ಮುಗಿಸಿಬಿಡುತ್ತೇನೆ. ನಾನು ಶೋಭಾ, ಬಿಜಾಪುರದವಳು. ಮನೆಯವರು ಲಿಂಗಂಪಲ್ಲಿಯ ಆಚೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಅಲ್ಲಿನ ಕಾಲೋನಿಯ ಶಾಲೆಯಲ್ಲಿ ಕಲಿಸುತ್ತಿದ್ದೆ. ಹೆಡ್‌ಮಿಸ್ ಜೊತೆ ಒಂದು ದಿನ ಬಾಯಿಗೆ ಬಾಯಿ ಹತ್ತಿತು, ರಾಜೀನಾಮೆ ಬರೆದುಕೊಟ್ಟು ಬಂದೆ. ಬಾಯಿ ಬಿಗಿಹಿಡಿಯುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಎರಡು ಸಾವಿರದ ಮೂರನೇ ಇಸವಿ ಅದು, ಲಿಂಗಂಪಲ್ಲಿಯಿಂದ ಹೊಸ ಲೋಕಲ್ ರೈಲು ಶುರುವಾದ ವರ್ಷ. ಇಡೀ ಊರೇ ಮಾದಾಪುರದ ಕಡೆ ಮುಖ ಮಾಡಿ ಓಡುತ್ತಿತ್ತು. ನಾನೂ ಆ ರೈಲು ಹತ್ತಿದೆ. ಕಂಪನಿಯಲ್ಲಿ ನನಗೆ ಕೊಟ್ಟ ಹುದ್ದೆಗೆ ದೊಡ್ಡ ಹೆಸರಿತ್ತು, ಮಾಡುವ ಕೆಲಸ ಮಾತ್ರ ಮನೆ ನಡೆಸುವುದೇ. ಕುರ್ಚಿ ಮುರಿದರೆ, ಲೈಟು ಹೋದರೆ, ಚಹಾ ತಣ್ಣಗಾದರೆ, ಟಾಯ್ಲೆಟ್ ನಾತ ಹೊಡೆದರೆ, ಎಲ್ಲದಕ್ಕೂ ಶೋಭಾ ಮೇಡಂ.

ಆ ಆಫೀಸಿನಲ್ಲಿ ಯಾರೂ 'ನನಗೆ ಗೊತ್ತಿಲ್ಲ' ಅನ್ನುತ್ತಿರಲಿಲ್ಲ. ಮೂರು ತಿಂಗಳು ಕೋರ್ಸು ಮಾಡಿದವನು ಮೂರು ವರ್ಷದ ಅನುಭವ ಎಂದು ಬರೆದುಕೊಂಡು ಬರುತ್ತಿದ್ದ ಕಾಲ. ಮೀಟಿಂಗಿನಲ್ಲಿ ಗೊತ್ತಿಲ್ಲದ ಮಾತಿಗೆ ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿದವನೇ ಮುಂದೆ ಹೋಗುತ್ತಿದ್ದ. ನಾನೂ ಕಲಿತುಕೊಂಡೆ. ಕಂಪ್ಯೂಟರಿನ ಗಂಧವಿಲ್ಲದವಳು ಸಂದರ್ಶನದಲ್ಲಿ ಎಲ್ಲದಕ್ಕೂ ಹೂಂ ಅಂದು ಕೆಲಸ ಹೊಡೆದುಕೊಂಡಿದ್ದೆ.

ಬಂಡೆಮ್ಮನನ್ನು ನಾನು ಗಮನಿಸಿದ್ದು ಸೇರಿದ ಮೊದಲ ವಾರ. ಗೋಡೆಯೊಳಗೆ ಎಲ್ಲೋ ನೀರು ಸೋರುತ್ತಿತ್ತು. ಪ್ಲಂಬರ್ ಬಂದು ಅಲ್ಲಿ ಬಡಿದ, ಇಲ್ಲಿ ಬಡಿದ, ಎರಡು ಟೈಲ್ಸ್ ಒಡೆದ. ಮೂಲೆಯಲ್ಲಿ ಬಕೆಟ್ ಹಿಡಿದು ನಿಂತಿದ್ದ ಹೆಂಗಸು ತನ್ನಷ್ಟಕ್ಕೆ ಗೊಣಗಿದಳು. "ಅಲ್ಲಿ ಎಲ್ಲಿ ಬಡೀತಾನ ಇಂವ, ಪೈಪು ಈ ಕಡೆ ಹೊಳ್ಳೇತಿ."

ಕನ್ನಡ ಕೇಳಿ ನನ್ನ ಕಿವಿ ನೆಟ್ಟಗಾಯಿತು. "ನಿನಗ ಹೆಂಗ ಗೊತ್ತು?" ಎಂದೆ.

"ಈ ಗ್ವಾಡಿಗೆ ಇಟ್ಟಂಗಿ ಹೊತ್ತಾಕಿ ನಾನ್ರಿ ಅಕ್ಕಾರ. ಪೈಪ್ ಇಡೂಮುಂದ ಇಲ್ಲೇ ನಿಂತಿದ್ದೆ."

ಅವಳು ತೋರಿಸಿದ ಕಡೆ ಒಡೆದರು. ಪೈಪು ಅಲ್ಲೇ ಇತ್ತು.

ಅವಳ ಊರು ಶೋರಾಪುರದ ಕಡೆ ಒಂದು ಹಳ್ಳಿ. ಮದುವೆಯಾದ ಮರುವರ್ಷ ಗಂಡ ತಾಯಪ್ಪನ ಜೊತೆ ಗೌಂಡಿಗಳ ತಂಡ ಸೇರಿ ಹೈದರಾಬಾದಿಗೆ ಬಂದಳು. ಗೌಂಡಿ ಎಂದರೆ ಗೋಡೆ ಕಟ್ಟುವವನು. ಗಂಡಸರು ಕಟ್ಟಬೇಕು, ಹೆಂಗಸರು ಹೊರಬೇಕು, ಇದು ಆ ತಂಡದ ಕಾನೂನು. ಒಂಬತ್ತು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಅವಳು ಹೊತ್ತ ಕೊನೆಯ ಕಟ್ಟಡವೇ ನಮ್ಮ ಕಂಪನಿ ಕೂತಿದ್ದ ಕಟ್ಟಡ. ಅದು ಮುಗಿಯುವ ಹೊತ್ತಿಗೆ ಕಲ್ಲಿನ ಧೂಳು ತಾಯಪ್ಪನ ಎದೆಗೆ ಇಳಿದು ಅವನು ಊರಿಗೆ ಹೋಗಿ ಮಲಗಿದ್ದ. ಬಂಡೆಮ್ಮನ ಕೊರಳ ಎಲುಬು ಸವೆದಿತ್ತು. ಇನ್ನು ತಲೆಯ ಮೇಲೆ ನೀರಿನ ಕೊಡ ಕೂಡ ಇಡಬಾರದು ಎಂದು ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಕಟ್ಟಡದ ಮಾಲೀಕ ಕಸ ಗುಡಿಸಲು ಕೆಲವು ಹೆಂಗಸರನ್ನು ಇಟ್ಟುಕೊಂಡ. ಹಾಗೆ ಅವಳು ಉಳಿದಳು. ಬೋರಬಂಡದಲ್ಲಿ ಒಂದು ಕೋಣೆ ಹಿಡಿದು, ದಿನಾ ನನ್ನ ಮಾರ್ಗದ ರೈಲನ್ನೇ ಹತ್ತುತ್ತಿದ್ದಳು, ನಾನು ಲಿಂಗಂಪಲ್ಲಿ ಕಡೆಯಿಂದ, ಅವಳು ಎದುರು ಕಡೆಯಿಂದ. ಈ ಕೆಲಸ ಹೋದರೆ ಅವಳಿಗೆ ಗೊತ್ತಿದ್ದ ಇನ್ನೊಂದು ಕೆಲಸ ಇಟ್ಟಿಗೆ ಹೊರುವುದೊಂದೇ. ಅದನ್ನು ಅವಳ ಕೊರಳು ತಾಳುವಂತಿರಲಿಲ್ಲ.

ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತು ರೊಟ್ಟಿ ತಿನ್ನುತ್ತಿದ್ದೆವು. ಕ್ಯಾಂಟೀನಿನ ಇಡ್ಲಿ ನನಗೆ ಸೇರುತ್ತಿರಲಿಲ್ಲ, ಅವಳ ಬೇಳೆಪಲ್ಯ, ಖಾರಬ್ಯಾಳಿ, ಸೇರುತ್ತಿತ್ತು. ಆಗ ಅವಳು ಕಟ್ಟಡದ ಕಥೆ ಹೇಳುವಳು. ಒಮ್ಮೆ ಇದೇ ನಾಲ್ಕನೇ ಮಹಡಿಯಲ್ಲಿ ಗೌಂಡಿ ಚಹಾ ಕುಡಿಯಲು ಇಳಿದಿದ್ದನಂತೆ. ಗೋಡೆ ಅರ್ಧ ಏರಿತ್ತು, ಸಾಲು ನೇರ ಬರಲೆಂದು ದಾರ ಬಿಗಿದಿತ್ತು, ಗಾರೆ ಹಸಿಯಿತ್ತು. ಬಂಡೆಮ್ಮ ಆ ಕಡೆ ಈ ಕಡೆ ನೋಡಿ ಒಂದು ಇಟ್ಟಿಗೆ ಇಟ್ಟುಬಿಟ್ಟಳು. ದಾರಕ್ಕೆ ಸರಿಯಾಗಿ ಕೂತಿತ್ತಂತೆ. ಗೌಂಡಿ ಬಂದವನೇ ನೋಡಿದ, ಗಾರೆ ಮೆತ್ತುವ ಕರಣಿಯಿಂದ ಅದನ್ನು ಎತ್ತಿ ಕೆಳಗೆ ಒಗೆದ. ಹೆಣ್ಣುಮಗಳು ಇಟ್ಟದ್ದು ನಿಲ್ಲುವುದಿಲ್ಲ ಅಂದ.

"ನೀ ಏನಂದಿ?" ಎಂದು ಕೇಳಿದೆ. ನನಗಾಗಲೇ ಸಿಟ್ಟು ಬಂದಿತ್ತು.

"ಏನ್ ಅಂತೀನ್ರಿ? ಇಳದ ಹೋಗಿ ಒಡದ ಇಟ್ಟಂಗಿ ಆರಿಸಿಕೊಂಡ ಬಂದೆ" ಎಂದು ನಕ್ಕಳು.

ಅವಳಿಗೆ ಓದಲು ಕಲಿಸುತ್ತೇನೆ ಎಂದು ಹೊರಟವಳು ನಾನೇ. ಕೇಳದಿದ್ದರೂ ಉಪಕಾರ ಮಾಡುವ ಚಾಳಿ ನನ್ನದು. ಎ, ಬಿ, ಸಿ, ಡಿ ಎಂದು ಬರೆದುಕೊಟ್ಟೆ. ನಾಲ್ಕು ದಿನ ತಿದ್ದಿದಳು, ಐದನೇ ದಿನ ಹಾಳೆ ಮಡಚಿ ವಾಪಸು ಕೊಟ್ಟಳು.

"ಅಕ್ಕಾರ, ಇಪ್ಪತ್ತಾರು ಕಲ್ಲು ಸಾಲಾಗಿ ಜೋಡಿಸಿಟ್ರ ಅದು ರಾಶಿ ಆತು. ಗ್ವಾಡಿ ಎಲ್ಲೈತ್ರಿ?"

ನನಗೆ ಮುಖಕ್ಕೆ ಹೊಡೆದಂತಾಯಿತು. ಬೇಡವಾದರೆ ಬಿಡು ಎಂದು ಎದ್ದುಹೋದೆ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಹೆಂಗಸರ ಟಾಯ್ಲೆಟ್ ಬಾಗಿಲ ಮುಂದೆ ಬಂಡೆಮ್ಮ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಬಾಗಿಲ ಮೇಲಿನ ಹಿತ್ತಾಳೆ ಫಲಕವನ್ನು ಎರಡು ವರ್ಷದಿಂದ ದಿನಾ ಉಜ್ಜುತ್ತಿದ್ದವಳು, ಅಂದು ಉಜ್ಜುವುದು ಬಿಟ್ಟು ನೋಡುತ್ತಿದ್ದಳು. ನನ್ನನ್ನು ಕಂಡು ಹೆಬ್ಬೆರಳನ್ನು ಮೊದಲ ಅಕ್ಷರದ ಮೇಲೆ, ಕಿರುಬೆರಳನ್ನು ಕೊನೆಯ ಅಕ್ಷರದ ಮೇಲೆ ಇಟ್ಟಳು.

"ಅಕ್ಕಾರ, ಇದು ಕಂಬ, ಮ್ಯಾಲೆ ತೊಲಿ. ಈ ಮೂಲಿಗೂ ಅದ, ಆ ಮೂಲಿಗೂ ಅದ. ಹೌದಲ್ರಿ?"

ಹೌದು. ಟಾಯ್ಲೆಟ್ ಎಂಬ ಇಂಗ್ಲಿಷ್ ಮಾತಿನ ಎರಡೂ ತುದಿಗೆ ಟಿ. ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದ ನಾನು ಆ ಮಾತನ್ನು ಹಾಗೆ ನೋಡಿರಲೇ ಇಲ್ಲ.

ಅವಳ ಲೆಕ್ಕ ಗೋಡೆಯ ಲೆಕ್ಕ. ಗೌಂಡಿ ಮೊದಲು ಎರಡು ಮೂಲೆ ಎಬ್ಬಿಸುತ್ತಾನೆ. ಮೂಲೆಯಿಂದ ಮೂಲೆಗೆ ದಾರ ಬಿಗಿಯುತ್ತಾನೆ. ಆಮೇಲೆ ನಡುವೆ ತುಂಬುತ್ತಾನೆ. ಮೂಲೆ ಗಟ್ಟಿಯಿದ್ದರೆ ನಡುವಿನದು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡೂ ಮೂಲೆಗೆ ಒಂದೇ ಥರದ ಕಲ್ಲಿದ್ದರೆ ಇನ್ನೂ ಹಗುರ, ಒಂದು ಕಲ್ಲು ಗುರುತಾದರೆ ಎರಡು ಮೂಲೆ ಮುಗಿದಂತೆ. ಹೀಗಾಗಿ ಅವಳು ಇಡೀ ಕಟ್ಟಡದಲ್ಲಿ ಅಂಥ ಮಾತುಗಳನ್ನೇ ಹುಡುಕತೊಡಗಿದಳು. ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಮಹಡಿ ತೋರಿಸುವ ಲೆವೆಲ್ ಸಿಕ್ಕಿತು. ಎಲ್ ಎಂದರೆ ಅವಳಿಗೆ ಗೌಂಡಿಯ ಮೂಲೆ ನೋಡುವ ಪಟ್ಟಿ. ಬೆಂಕಿ ಬಿದ್ದಾಗ ಇಳಿಯುವ ಬಾಗಿಲಿನಲ್ಲಿ ಸ್ಟೇರ್ಸ್ ಸಿಕ್ಕಿತು, ಎರಡೂ ಕಡೆ ಬಳುಕಿದ ಎಸ್. ನೆಲಮಾಳಿಗೆಯಲ್ಲಿ ಪಂಪ್. ರೈಲಿನಲ್ಲಿ ಟಿಕೆಟ್. ನನ್ನ ಮೇಜಿನ ಮೇಲೆ ರಿಜಿಸ್ಟರ್.

ನಡುವಿನ ಅಕ್ಷರಗಳನ್ನು ಅವಳು ಒಬ್ಬರ ಹತ್ತಿರವೇ ಕೇಳುತ್ತಿರಲಿಲ್ಲ. ಕಾವಲಿನವನ ಹತ್ತಿರ ಒಂದು, ಪ್ರೋಗ್ರಾಂ ಬರೆಯುವ ಮಾನಸಾ ಎಂಬ ಹುಡುಗಿಯ ಹತ್ತಿರ ಒಂದು, ನನ್ನ ಹತ್ತಿರ ಒಂದು. ಯಾಕೆ ಎಂದು ಕೇಳಿದ್ದಕ್ಕೆ ಗೌಂಡಿಗಳ ಪದ್ಧತಿ ಹೇಳಿದಳು. ಗೋಡೆ ಕಟ್ಟಿದವನು ತನ್ನ ಗೋಡೆ ನೆಟ್ಟಗಿದೆಯೇ ಎಂದು ತಾನೇ ದಾರ ಹಿಡಿದು ನೋಡಬಾರದು. ಇನ್ನೊಬ್ಬ ಗೌಂಡಿ ಬಂದು ಹಿಡಿಯಬೇಕು. ತನ್ನ ಗೋಡೆಯ ಸೊಟ್ಟು ತನ್ನ ಕಣ್ಣಿಗೆ ನೆಟ್ಟಗೇ ಕಾಣುತ್ತದೆ.

ಪ್ರಿಂಟರಿನಿಂದ ಒಗೆದ ಹಾಳೆಗಳನ್ನು ಗೋಣಿದಾರದಿಂದ ಹೊಲಿದು ಒಂದು ಪುಸ್ತಕ ಮಾಡಿಕೊಂಡಳು. ಬಡಿಗನ ಚಪ್ಪಟೆ ಪೆನ್ಸಿಲಿನಿಂದ ಬೆರಳಗಲದ ಅಕ್ಷರಗಳು. ಒಂದು ಹಾಳೆಗೆ ಒಂದೇ ಮಾತು. ಆ ಪುಸ್ತಕಕ್ಕೆ ಒಂದು ನಿಯಮವಿತ್ತು, ಕೈಯಿಂದ ಮುಟ್ಟಲು ಬರುವ ವಸ್ತುವಿನ ಹೆಸರಿಗೆ ಮಾತ್ರ ಒಳಗೆ ಪ್ರವೇಶ. ಮಾನಸಾಳ ಪಕ್ಕದಲ್ಲಿ ಕೂರುತ್ತಿದ್ದ ನಿತಿನ ಎಂಬವನು ಒಂದು ದಿನ ಉತ್ಸಾಹದಿಂದ ಮ್ಯಾಕ್ಸಿಮಮ್ ಎಂದು ಬೋರ್ಡಿನ ಮೇಲೆ ಬರೆದ. ಎರಡೂ ಕಡೆ ಎಂ ಇದೆ ನೋಡು ಎಂದ. ಬಂಡೆಮ್ಮ ಮೂಲೆಗಳನ್ನು ಒಪ್ಪಿದಳು. ಆಮೇಲೆ, "ಇದು ಎಲ್ಲೈತ್ರಿ ಸರ್, ತೋರಿಸ್ರಿ" ಎಂದಳು. ಆ ಇಂಜಿನಿಯರು ಸುತ್ತಮುತ್ತ ನೋಡಿದ. ಮ್ಯಾಕ್ಸಿಮಮ್ ಎಲ್ಲಿಯೂ ಇರಲಿಲ್ಲ. ಅವಳು ಒರೆಸಿಬಿಟ್ಟಳು.

ಸೋಲು ಒಪ್ಪದ ನಿತಿನ ಮರುದಿನ ಮ್ಯಾಡಮ್ ಎಂದು ಬರೆದ. ಬಂಡೆಮ್ಮ ಅದನ್ನು ಓದಿಸಿಕೊಂಡು ನೇರ ನನ್ನ ಮೇಜಿಗೆ ಬಂದಳು, ನನ್ನ ಭುಜವನ್ನು ಒಂದು ಬೆರಳಿನಿಂದ ಮುಟ್ಟಿದಳು, ಪುಸ್ತಕ ತೆಗೆದು ಬರೆದುಕೊಂಡಳು. ಇಡೀ ಮಹಡಿ ನಕ್ಕಿತು. ನಾನೂ ನಕ್ಕೆ, ಆದರೆ ಆ ದಿನವೆಲ್ಲ ನನಗೆ ಏನೋ ಬಹುಮಾನ ಬಂದಷ್ಟು ಖುಷಿಯಾಗಿತ್ತು.

ಒಂದೂವರೆ ವರ್ಷದಲ್ಲಿ ಆ ಪುಸ್ತಕದಲ್ಲಿ ಅರವತ್ತೊಂದು ಮಾತುಗಳು ಸೇರಿದವು. ಕಿಟಕಿಯ ವಿಂಡೋ ಇತ್ತು, ಲಕೋಟೆಯ ಎನ್ವಲಪ್ ಇತ್ತು. ಎಲ್ಲಕ್ಕಿಂತ ಉದ್ದದ್ದು ರೆಫ್ರಿಜರೇಟರ್, ಅದನ್ನು ಕಟ್ಟಲು ಹನ್ನೆರಡು ದಿನ ಹಿಡಿಯಿತು. ಆ ಮಾತುಗಳಿಂದ ದುಡಿದ ಅಕ್ಷರಗಳನ್ನು ಹಿಡಿದು ಅವಳು ಬೇರೆ ಬೇರೆ ಮೂಲೆಯ ಮಾತುಗಳಿಗೂ ಕೈ ಹಾಕತೊಡಗಿದ್ದಳು, ಅದಕ್ಕೆ ಮಾತ್ರ ಇನ್ನೂ ತಡವರಿಕೆ. ದೊಡ್ಡಕ್ಷರಗಳಲ್ಲದೆ ಸಣ್ಣಕ್ಷರ ಎಂದು ಇನ್ನೂ ಇಪ್ಪತ್ತಾರು ಇವೆ ಎಂದು ತಿಳಿದ ದಿನ ಅವಳು ನನ್ನ ಜೊತೆ ರೊಟ್ಟಿ ತಿನ್ನಲಿಲ್ಲ. ಅದನ್ನು ಮೊದಲೇ ಹೇಳದೆ ನಾನೇ ಮೋಸ ಮಾಡಿದೆ ಎಂಬಂತೆ ಮುಖ ಊದಿಸಿಕೊಂಡಿದ್ದಳು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಶುಚಿ ಕೆಲಸದ ಗುತ್ತಿಗೆ ಹೊಸ ಏಜೆನ್ಸಿಗೆ ಹೋಯಿತು. ಅದರ ಕಡೆಯಿಂದ ರವಿಕಿರಣ ಎಂಬ ಅಧಿಕಾರಿ ಬಂದ. ಸಿಕಂದರಾಬಾದಿನ ಕನ್ನಡದ ಮನೆಯವನು, ಟೈ ಕಟ್ಟಿದ್ದ, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುತ್ತಿದ್ದ. ಹಿಂದೆ ಬೇರೆ ಕಟ್ಟಡವೊಂದರಲ್ಲಿ ಡಬ್ಬಿಯ ಹೆಸರು ಓದಲು ಬಾರದೆ ಯಾರೋ ಎರಡು ದ್ರಾವಣ ಬೆರೆಸಿ, ಹೊಗೆ ಎದ್ದು, ಇಬ್ಬರು ಆಸ್ಪತ್ರೆ ಸೇರಿದ್ದರಂತೆ. ಅದಕ್ಕೇ ಹೊಸ ನಿಯಮ. ಕಟ್ಟಡದಲ್ಲಿ ಬಳಸುವ ನಲವತ್ತು ಇಂಗ್ಲಿಷ್ ಮಾತುಗಳಲ್ಲಿ ಮೂವತ್ತು ಓದಬೇಕು. ಓದಿದವರು ಇರುತ್ತಾರೆ, ಓದದವರು ತಿಂಗಳ ಕೊನೆಗೆ ಹೋಗುತ್ತಾರೆ.

ಬಂಡೆಮ್ಮ ಸುದ್ದಿ ಕೇಳಿದಳು. ಕೊರಳ ಹಿಂದೆ ಕೈ ಹೋಯಿತು, ಅಷ್ಟೇ.

ಈಗ ನನ್ನ ಘನಕಾರ್ಯ ಹೇಳಬೇಕು. ರವಿಕಿರಣ ನನ್ನ ಹತ್ತಿರವೇ ಬಂದ. "ಮೇಡಂ, ನೀವು ಇಂಗ್ಲಿಷ್ ಟೀಚರ್ ಇದ್ರಂತಲ್ರಿ, ಆ ನಲವತ್ತು ಮಾತಿನ ಲಿಸ್ಟ್ ನೀವೇ ಮಾಡಿಕೊಡ್ರಿ, ಪ್ಲೀಸ್ ಅಂಡಿ" ಎಂದ. ಮಾಡಿಕೊಟ್ಟೆ. ನಲವತ್ತರಲ್ಲಿ ಮೂವತ್ತಮೂರು ಮಾತುಗಳನ್ನು ಬಂಡೆಮ್ಮನ ಪುಸ್ತಕದಿಂದಲೇ ಎತ್ತಿದೆ. ಅವಳಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಟೈಪು ಮಾಡುವಾಗ, ಸುಳ್ಳು ಯಾಕೆ ಹೇಳಲಿ, ಹಿಗ್ಗುತ್ತಿದ್ದೆ. ಅಷ್ಟೆಲ್ಲ ಸುಳ್ಳು ಕಾಗದ ಹಿಡಿದು ಬಂದವರು ಎ.ಸಿ. ಕೋಣೆಯಲ್ಲಿ ಕೂತಿದ್ದಾರೆ, ಈ ಹೆಂಗಸಿಗೆ ನಾನು ಇಷ್ಟು ಮಾಡಿದರೆ ಏನು ತಪ್ಪು? ಪಟ್ಟಿಯ ಆರನೇ ಸಾಲಿನಲ್ಲಿ ಮ್ಯಾಡಮ್ ಎಂದೂ ಹಾಕಿದೆ. ಯಾಕೆ ಹಾಕಿದೆ ಎಂದರೆ ಅಹಂಕಾರಕ್ಕೆ, ಬೇರೆ ಕಾರಣವಿಲ್ಲ.

ಪರೀಕ್ಷೆ ನಡೆದದ್ದು ಸಾಮಾನಿನ ಕೋಣೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಸುತ್ತ ಕಪಾಟು, ಕಪಾಟಿನ ತುಂಬ ಡಬ್ಬಿ, ಬಾಟಲಿ, ಪೊರಕೆ. ರವಿಕಿರಣ ಒಂದು ಸ್ಟೂಲಿನ ಮೇಲೆ, ಅಂಕ ಬರೆಯಲು ನಾನು ಇನ್ನೊಂದರ ಮೇಲೆ. ಒಬ್ಬೊಬ್ಬರಾಗಿ ಬಂದರು. ಏಳನೇ ತರಗತಿ ಓದಿದ್ದ ಸುವರ್ಣಾ ಎಂಬವಳು ಗಟ್ಟಿ ಗಂಟಲಿನಲ್ಲಿ ಮೂವತ್ತೊಂದು ಓದಿ ಪಾಸಾದಳು, ಕೆಲವನ್ನು ಮೊದಲ ಅಕ್ಷರ ನೋಡಿ ಊಹಿಸಿದಳು ಎಂದು ನನಗೆ ಗೊತ್ತಾಯಿತು. ಪಾಸಾದ ಖುಷಿಯಲ್ಲಿ ಕಪಾಟಿನ ಒಂದು ಬಿಳಿ ಡಬ್ಬಿಯನ್ನೂ ಓದಿ ತೋರಿಸಿದಳು. "ಕೋಕೋನಟ್!" ಎಂದವಳೇ ವಾಸನೆ ನೋಡಲು ಮುಚ್ಚಳಕ್ಕೆ ಕೈ ಹಾಕಿದಳು. ರವಿಕಿರಣ ಹಾರಿ ಡಬ್ಬಿ ಕಸಿದುಕೊಂಡ. ಅದು ಚರ್ಮ ಸುಡುವ ಆ್ಯಸಿಡ್.

ಆಮೇಲೆ ಬಂಡೆಮ್ಮ ಬಂದಳು. ಸೆರಗು ಬಿಗಿದುಕೊಂಡಿದ್ದಳು. ನಾನು ಪಟ್ಟಿ ಕೊಟ್ಟೆ. ಹೆಬ್ಬೆರಳು ಈ ತುದಿ, ಕಿರುಬೆರಳು ಆ ತುದಿ.

"ಲೆವೆಲ್. ಟಾಯ್ಲೆಟ್. ಸ್ಟೇರ್ಸ್. ಪಂಪ್. ಟಿಕೆಟ್."

ರವಿಕಿರಣ ಹುಬ್ಬೇರಿಸಿ ನನ್ನ ಕಡೆ ನೋಡಿದ, ಪರವಾಗಿಲ್ಲವಲ್ಲ ಎಂಬಂತೆ. ಬಂಡೆಮ್ಮನ ಬೆರಳು ಆರನೇ ಸಾಲಿಗೆ ಬಂದು ನಿಂತಿತು. ಓದಲಿಲ್ಲ. ಬೆರಳು ಕೆಳಗಿನ ಸಾಲುಗಳ ಮೇಲೆ ಸರಸರ ಇಳಿಯಿತು, ತಿರುಗಿ ಮೇಲೆ ಬಂತು. ತಲೆ ಎತ್ತಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಉಪಕಾರ ಸ್ಮರಣೆ ಏನೂ ಇರಲಿಲ್ಲ.

"ಓದಮ್ಮಾ" ಎಂದ ರವಿಕಿರಣ.

"ಈ ಚೀಟಿ ಬ್ಯಾಡ್ರಿ ಸರ್."

"ಯಾಕೆ?"

"ಇವೆಲ್ಲಾ ನನ್ನ ಬುಕ್ಕಿನ್ಯಾಗಿನ ಮಾತ್ರಿ. ಇವು ನನಗ ನೆಪ್ಪದಾವು. ನಾ ಕಟ್ಟಿದ ಗ್ವಾಡಿಗೆ ನಾನ ದಾರ ಹಿಡದಂಗ ಆಕ್ಕೈತಿ. ಬ್ಯಾರೇದು ಕೊಡ್ರಿ."

ನಾನು ಅವಳ ಕಡೆ ಬಗ್ಗಿ ಮೆಲ್ಲಗೆ, "ಬಂಡೆಮ್ಮ, ಸುಮ್ನ ಓದು. ನಿನ್ನ ಕೊರಳ ನೆಪ್ಪ ಐತಿಲ್ಲ?" ಎಂದೆ.

"ಐತ್ರಿ" ಎಂದಳು. "ದಿನಾ ನೂಸ್ತೈತಿ, ಹೆಂಗ ಮರೀಲಿ? ಖರೇ ನಾಳೆ ಬರೂ ಡಬ್ಬಿ ನನ್ನ ಬುಕ್ಕ ನೋಡಿ ಬರೂದಿಲ್ಲಲ್ರಿ ಅಕ್ಕಾರ."

ರವಿಕಿರಣ ಪಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಮೇಲಿನಿಂದ ಕೆಳಗಿನವರೆಗೆ ನೋಡಿದ. ಅವನಿಗೆ ಅರ್ಥವಾಯಿತು, ಮುಖ ಕೆಂಪಾಯಿತು. ಎದ್ದು ಕಪಾಟಿನಿಂದ ಕೈಗೆ ಸಿಕ್ಕ ಹತ್ತು ಡಬ್ಬಿ ಬಾಟಲಿಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟ. "ಇವುಗಳನ್ನ ಓದು" ಎಂದ.

ಬಂಡೆಮ್ಮ ನೆಲಕ್ಕೆ ಕೂತಳು. ಈಗ ಎರಡೂ ಮೂಲೆಗೆ ಒಂದೇ ಕಲ್ಲು ಇರಲಿಲ್ಲ. ಮೊದಲನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. "ಸೋಪ್" ಎಂದಳು ಕೊನೆಗೆ. ಎರಡನೆಯದು, "ಗ್ಲಾಸ್... ಕ್ಲೀನರ್." ಮೂರನೆಯದು ಫ್ಲೋರ್. ಹಣೆಯಿಂದ ಬೆವರು ಡಬ್ಬಿಯ ಮೇಲೆ ತೊಟ್ಟಿಕ್ಕಿತು, ಒರೆಸಿ ಮುಂದೆ ಹೋದಳು. ನಾಲ್ಕನೆಯದು ಬರಲಿಲ್ಲ. ಪಕ್ಕಕ್ಕಿಟ್ಟಳು. ಐದು, ಆರು, ಏಳು ಸರಿ. ಎಂಟನೆಯದು ಸುವರ್ಣಾ ಕೋಕೋನಟ್ ಮಾಡಿದ್ದ ಬಿಳಿ ಡಬ್ಬಿ. ಅದರ ನಡುವೆ ದೊಡ್ಡಕ್ಷರಗಳಲ್ಲಿ ಬರೆದಿದ್ದದ್ದು ಕರೋಸಿವ್, ಮುಟ್ಟಿದರೆ ಸುಡುತ್ತದೆ ಎಂಬ ಎಚ್ಚರಿಕೆಯ ಮಾತು.

ಹೆಬ್ಬೆರಳು, ಕಿರುಬೆರಳು. "ಈ ಮೂಲಿ ಸಿ. ಆ ಮೂಲಿ ಇ" ಎಂದಳು. ಮತ್ತೆ ನೋಡಿದಳು. "ನಡುವ ಕಟ್ಟಿಲ್ರಿ ಸರ್, ಇನ್ನಾ."

"ಅಂದಾಜು ಹೇಳು" ಎಂದ ರವಿಕಿರಣ.

ನಾನೂ ಮನಸ್ಸಿನಲ್ಲೇ ಕಿರುಚುತ್ತಿದ್ದೆ, ಹೇಳೇ ಮಾರಾಯ್ತಿ, ಏನಾದರೂ ಹೇಳು, ಈ ಕಟ್ಟಡದಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ.

"ಅಂದಾಜಿಲೆ ಗ್ವಾಡಿ ಕಟ್ಟಾಕ ಬರಾಂಗಿಲ್ರಿ. ಈ ಡಬ್ಬಿ ನಾ ತಗಿಯಂಗಿಲ್ಲ, ಯಾರಿಗೂ ತಗಿಯಾಕ ಬಿಡಂಗಿಲ್ಲ, ಓದೂತನ." ಅದನ್ನೂ ಎತ್ತಿ ಪಕ್ಕಕ್ಕಿಟ್ಟಳು, ಉಳಿದವಕ್ಕಿಂತ ಒಂದು ಮೊಳ ದೂರ.

ಹತ್ತರಲ್ಲಿ ಏಳು. ಬಾರದ ಮೂರಕ್ಕೂ ಅದೇ ಮಾತು, ಕಟ್ಟಿಲ್ಲ. ನಲವತ್ತಕ್ಕೆ ಮೂವತ್ತು ಎಂದರೆ ಹತ್ತಕ್ಕೆ ಏಳೂವರೆ. ಅರ್ಧ ಮಾತಿನಿಂದ ಅವಳು ಹಿಂದೆ ಬಿದ್ದಿದ್ದಳು. ರವಿಕಿರಣ, "ನಾಳೆ ಹೇಳ್ತೀನಿ" ಎಂದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಕೆಟ್ ಎತ್ತಿಕೊಂಡು ಹೋದಳು.

ನಾನು ಅವನ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಪಟ್ಟಿ ಹಾಗೆ ಮಾಡಿದ್ದು ನಾನು, ಅವಳಿಗೆ ಗೊತ್ತೇ ಇರಲಿಲ್ಲ, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ಅವಳ ಕೆಲಸ ತೆಗೆದರೆ ಅವಳು ಮತ್ತೆ ಇಟ್ಟಿಗೆ ಹೊರಬೇಕು, ಹೊತ್ತರೆ ಉಳಿಯುವುದಿಲ್ಲ ಎಂದೆ. ಹನ್ನೊಂದು ವರ್ಷ ಮಕ್ಕಳ ಕಾಪಿ ಹಿಡಿದು ಬೈದ ಬಾಯಿಯೇ ಅದು. ಅವನು ಡಬ್ಬಿಗಳನ್ನು ಕಪಾಟಿಗೆ ಇಡುತ್ತಲೇ ಕೇಳಿದ. "ಮುಂದಿನ ಸಲ ಲಿಸ್ಟ್ ನೀವು ಬರೀಬ್ಯಾಡ್ರಿ ಮೇಡಂ" ಎಂದಷ್ಟೇ ಹೇಳಿದ. ಅಷ್ಟು ವಿನಯದಿಂದ ನನಗೆ ಯಾರೂ ಕಪಾಳಕ್ಕೆ ಹೊಡೆದಿರಲಿಲ್ಲ.

ಮರುದಿನ ಮೆಟ್ಟಿಲೇರಿ ನಾಲ್ಕನೇ ಮಹಡಿಗೆ ಬಂದರೆ ಬಂಡೆಮ್ಮ ಸಾಮಾನಿನ ಕೋಣೆಯ ಬಾಗಿಲು ತೆಗೆಯುತ್ತಿದ್ದಳು. ಕೀಲಿಕೈ ಅವಳ ಸೊಂಟದಲ್ಲಿತ್ತು. ರವಿಕಿರಣ ಅವಳನ್ನು ಉಳಿಸಿಕೊಂಡಿದ್ದ, ಅಷ್ಟೇ ಅಲ್ಲ, ಇನ್ನು ಮುಂದೆ ಬಂಡೆಮ್ಮ ತೆಗೆದುಕೊಟ್ಟ ಡಬ್ಬಿಯನ್ನೇ ಎಲ್ಲರೂ ಬಳಸಬೇಕು ಎಂದು ಆಜ್ಞೆ ಮಾಡಿದ್ದ. ಮೂವತ್ತು ಓದಿ ಪಾಸಾದವರ ಮೇಲೆ ಇವಳಿಗೇಕೆ ಕೀಲಿ ಎಂದು ಸುವರ್ಣಾ ಜಗಳ ತೆಗೆದಿದ್ದಳಂತೆ. "ಯಾವ ಡಬ್ಬಿ ತೆಗೀಬಾರದು ಅಂತ ಆಕಿಗೆ ಗೊತ್ತೈತಿ, ನನಗ ಅಷ್ಟು ಸಾಕು" ಎಂದನಂತೆ ರವಿಕಿರಣ. ಆ ಟೈ ಕಟ್ಟಿದ ಹುಡುಗನ ಬಗ್ಗೆ ನಾನು ಅಲ್ಲಿಯವರೆಗೆ ಆಡಿದ ಮಾತನ್ನೆಲ್ಲ ವಾಪಸು ತೆಗೆದುಕೊಂಡೆ.

ನನ್ನ ಸಂತೋಷ ಹೇಳತೀರದು. ಓಡಿಹೋಗಿ ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು. ಒರಟಾಗೇನಲ್ಲ, ಒದ್ದೆ ಬಟ್ಟೆ ಹಿಂಡುವ ನೆಪ ಮಾಡಿ.

ಎಂಟು ದಿನ ಮೆಟ್ಟಿಲ ಮೇಲೆ ನಾನೊಬ್ಬಳೇ ರೊಟ್ಟಿ ತಿಂದೆ. ಮೊದಲೆರಡು ದಿನ ನನಗೂ ಸಿಟ್ಟಿತ್ತು, ಯಾರಿಗಾಗಿ ಮಾಡಿದೆ ನಾನು ಅದನ್ನು ಎಂದು. ಆಮೇಲೆ ಸಿಟ್ಟು ಇಳಿದು ಬರೀ ಬೇಸರ ಉಳಿಯಿತು. ಒಂಬತ್ತನೇ ದಿನ ಬಂಡೆಮ್ಮ ತಾನೇ ಬಂದು ಎರಡು ಮೆಟ್ಟಿಲು ಕೆಳಗೆ ಕೂತಳು. ಬುತ್ತಿ ಬಿಚ್ಚಲಿಲ್ಲ.

"ತಪ್ಪಾತು ಬಂಡೆಮ್ಮ" ಎಂದೆ. "ನಿನಗ ಚಲೋ ಆಗ್ಲಿ ಅಂತ ಮಾಡಿದೆ."

"ಗೊತ್ತೈತ್ರಿ." ಗೋಡೆಯ ಕಡೆ ನೋಡುತ್ತ ಹೇಳಿದಳು. "ಒಂಬತ್ತ ವರ್ಷ ಇಟ್ಟಂಗಿ ಹೊತ್ತೀನ್ರಿ ಅಕ್ಕಾರ. ಈ ಊರಾಗ ನಾ ಹೊತ್ತಿದ್ದು ಎಷ್ಟ ಮನಿ ಅದಾವೋ. ಒಂದ ಇಟ್ಟಂಗಿ ನನ್ನ ಕೈಲೆ ಇಡಾಕ ಯಾರೂ ಬಿಡಲಿಲ್ಲ. ಇದೊಂದ ಗ್ವಾಡಿ ನಂದಿತ್ರಿ. ಅದನ್ನೂ ನೀವ ಕಟ್ಟಿಕೊಡಾಕ ಬಂದ್ರಿ."

ನನ್ನ ಕಣ್ಣು ತುಂಬಿ ಬಂತು, ಅವಳು ನೋಡದ ಹಾಗೆ ಮುಖ ಆ ಕಡೆ ತಿರುಗಿಸಿದೆ. ಆ ಗೌಂಡಿ ಅವಳ ಇಟ್ಟಿಗೆ ಒಗೆದ ಕಥೆ ಕೇಳಿ ಎಷ್ಟು ಸಿಟ್ಟು ಮಾಡಿಕೊಂಡಿದ್ದೆ ನಾನು!

ಅವಳು ಸೆರಗಿನ ಕೆಳಗಿಂದ ಗೋಣಿದಾರದ ಪುಸ್ತಕ ತೆಗೆದಳು. ಹಿಂದುಗಡೆಯ ಹೊಸ ಹಾಳೆಯಲ್ಲಿ ಆ ಬಿಳಿ ಡಬ್ಬಿಯ ಮಾತಿಗೆಂದು ಒಂದು ತುದಿಗೆ ಸಿ, ಇನ್ನೊಂದು ತುದಿಗೆ ಇ ಬರೆದಿತ್ತು. ನಡುವೆ ಏಳು ಅಕ್ಷರದಷ್ಟು ಜಾಗ ಅಳತೆ ಮಾಡಿ ಖಾಲಿ ಬಿಟ್ಟಿದ್ದಳು. ನಾನು ಪೆನ್ಸಿಲಿಗೆ ಕೈ ಚಾಚಿದೆ, ಅವಳು ಕೊಡಲಿಲ್ಲ.

"ನೀವು ಒಂದ ಹೇಳ್ರಿ, ಉಳದದ್ದು ಉಳದವ್ರನ್ನ ಕೇಳ್ತೀನಿ. ಇಡೂದು ಮಾತ್ರ ನಂದು" ಎಂದಳು.

"ಓ" ಎಂದೆ. ಅವಳು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು, ಸಿ ಪಕ್ಕದಲ್ಲಿ, ಸಾವಕಾಶವಾಗಿ ಓ ಬರೆದಳು. ಆಮೇಲೆ ಬುತ್ತಿ ಬಿಚ್ಚಿದಳು.